ಹೀಥ್ ಸೀಮೆಯ ಓಕ್ ಮನೆಯೂ ಮಲೆನಾಡಿನ ತೊಟ್ಟಿಮನೆಯೂ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಈ ಮಾತು ಎತ್ತುತ್ತಾರೆ: "ನಿಮ್ಮ ಜರ್ಮನಿಯವರಿಗೆ ಹಳೆಯದರ ಮೇಲೆ ಎಷ್ಟು ಅಭಿಮಾನ ನೋಡಿ. ಮುನ್ನೂರು ವರ್ಷದ ಮರದ ಮನೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮವರಿಗೆ ಆ ಬುದ್ಧಿಯೇ ಇಲ್ಲ." ಬಹಳ ಕಾಲದಿಂದ ಉತ್ತರ ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ ನೆಲೆಸಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಭಿಮಾನದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಕೆತ್ತನೆಯ ಕಂಬವೊಂದನ್ನು ಕಂಡರೆ ಕೈಯಿಂದ ಸವರದೆ ಮುಂದೆ ಹೋಗುವ ಮಲೆನಾಡಿಗನನ್ನು ನಾನು ಕಂಡಿಲ್ಲ. ಇಲ್ಲಿ ಮನೆಗಳು ಉಳಿದಿರುವುದಕ್ಕೆ ಕಾರಣ ಬೇರೆ: ಮನೆ ಯಾರ ಪಾಲಿಗೆ ಹೋಗಬೇಕು, ದುರಸ್ತಿಯ ಖರ್ಚು ಯಾರು ಹೊರಬೇಕು, ಕೆಲಸ ಬಲ್ಲ ಬಡಗಿ ಎಲ್ಲಿಂದ ಬರಬೇಕು ಎಂಬ ಮೂರು ಪ್ರಶ್ನೆಗಳಿಗೆ ಇಲ್ಲಿನವರು ಉತ್ತರ ಬರೆದಿಟ್ಟುಕೊಂಡಿದ್ದಾರೆ. ನಾವು ಇನ್ನೂ ಬರೆದಿಲ್ಲ.

ಮೊದಲು ಮನೆಯನ್ನು ನೋಡಿ. ಲ್ಯೂನೆಬುರ್ಗ್ ಹೀಥ್ ಎಂಬ ಮರಳು ನೆಲದ ಸೀಮೆಯಲ್ಲಿ ಹೊಸ್ಸರಿಂಗನ್ ಎಂಬ ಹಳ್ಳಿಯಿದೆ. ಅಲ್ಲಿನ ಬಯಲು ಸಂಗ್ರಹಾಲಯದಲ್ಲಿ ಬ್ರ್ಯೂಮರ್‌ಹೋಫ್ ಎಂಬ ರೈತನ ಮನೆ ನಿಂತಿದೆ. ಕಟ್ಟಿದ್ದು 1644ರಲ್ಲಿ. ಯೂರೋಪಿನ ಮೂವತ್ತು ವರ್ಷಗಳ ಯುದ್ಧ ಆಗ ಇನ್ನೂ ಮುಗಿದಿರಲಿಲ್ಲ. ನಮ್ಮ ಕಡೆ ಕೆಳದಿಯಲ್ಲಿ ವೀರಭದ್ರ ನಾಯಕನ ಆಳ್ವಿಕೆಯ ಕೊನೆಗಾಲ. ಸೈನ್ಯಗಳು ಊರೂರು ಸುಲಿಯುತ್ತಿದ್ದ ದಿನಗಳಲ್ಲಿ ಒಬ್ಬ ರೈತ ಮೊಮ್ಮಕ್ಕಳ ಕಾಲದವರೆಗೂ ನಿಲ್ಲಬೇಕಾದ ಮನೆಗೆ ಓಕ್ ಮರ ಕಡಿಸಿದನಲ್ಲ ಎಂದು ಅದರ ಮುಂದೆ ನಿಂತಾಗಲೆಲ್ಲ ನನಗೆ ಅನಿಸುತ್ತದೆ.

ಈ ಬಗೆಯ ಮನೆಗೆ ಬಾಗಿಲು ಇರುವುದು ತ್ರಿಕೋನಾಕಾರದ ಮುಮ್ಮುಖದಲ್ಲಿ. ಅದು ಎಷ್ಟು ದೊಡ್ಡದೆಂದರೆ ಪೈರು ಹೇರಿದ ಗಾಡಿ ಕುದುರೆಯ ಸಮೇತ ಒಳಗೆ ಬರುತ್ತಿತ್ತು. ಒಳಗೆ ಕಾಲಿಟ್ಟರೆ ಮಣ್ಣು ಬಡಿದು ಗಟ್ಟಿ ಮಾಡಿದ ಉದ್ದನೆಯ ಕಣ. ಚಳಿಗಾಲದಲ್ಲಿ ತೆನೆ ಬಡಿಯುವುದು ಅಲ್ಲಿಯೇ, ಮದುವೆಯ ಕುಣಿತವೂ ಅಲ್ಲಿಯೇ. ಎರಡೂ ಪಕ್ಕದಲ್ಲಿ ದನ, ಕುದುರೆಗಳ ಸಾಲು. ಅವು ಮುಖ ಮಾಡಿ ನಿಲ್ಲುವುದು ಕಣದ ಕಡೆಗೆ, ಹಾಗಾಗಿ ನಡುವೆ ನಡೆಯುತ್ತಲೇ ಎರಡೂ ಕಡೆ ಮೇವು ಹಾಕಬಹುದು. ಮೇಲೆ ತೊಲೆಗಳ ಮೇಲೆ ಇಡೀ ವರ್ಷದ ಪೈರು, ಹುಲ್ಲು. ಕಣದ ಆ ತುದಿಯಲ್ಲಿ ನೆಲದ ಮೇಲೆಯೇ ಉರಿಯುವ ಒಲೆ. ಅದರ ಹಿಂದೆ ಜನ ಮಲಗುವ ಪುಟ್ಟ ಕೋಣೆಗಳು, ಕೆಲವು ಮನೆಗಳಲ್ಲಿ ಗೋಡೆಯೊಳಗೆ ಬೀರುವಿನಂತೆ ಬಾಗಿಲಿರುವ ಮಂಚಗಳು. ಹೊಗೆ ಹೋಗಲು ಚಿಮಣಿಯಿಲ್ಲ. ಅದು ತೊಲೆಗಳ ನಡುವೆ ತೂರಿಕೊಂಡು, ಪೈರನ್ನು ಒಣಗಿಸಿ, ಹುಳುವನ್ನು ಓಡಿಸಿ, ಮೇಲೆ ತೂಗುಹಾಕಿದ ಮಾಂಸವನ್ನು ಹದಮಾಡಿ, ಕೊನೆಗೆ ಹುಲ್ಲಿನ ಮಾಡಿನ ತುದಿಯಿಂದ ನಿಧಾನವಾಗಿ ಹೊರಗೆ ಹೋಗುತ್ತಿತ್ತು. ಒಲೆಯ ಬಳಿ ಕೂತ ಮನೆಯೊಡತಿಗೆ ಎದ್ದೇಳದೆಯೇ ದನ, ಆಳು, ಬಾಗಿಲು, ಬೆಂಕಿ ಎಲ್ಲವೂ ಕಾಣುತ್ತಿದ್ದವು. ಹೆಬ್ಬಾಗಿಲ ಮೇಲಿನ ತೊಲೆಯಲ್ಲಿ ಕಟ್ಟಿದ ವರ್ಷ, ಒಂದು ಪ್ರಾರ್ಥನೆಯ ಸಾಲು, ಗಂಡ ಹೆಂಡಿರಿಬ್ಬರ ಹೆಸರು ಕೆತ್ತಿಸುವುದು ಈ ಸೀಮೆಯ ರೂಢಿ. ಹೆಂಡತಿಯ ತವರಿನ ಹೆಸರನ್ನೂ ಕೆತ್ತಿರುತ್ತಾರೆ. ನಮ್ಮ ಹೆಬ್ಬಾಗಿಲ ಮೇಲೆ ಗಜಲಕ್ಷ್ಮಿ ಕೂತಿರುತ್ತಾಳೆ, ಮನೆಯನ್ನು ಎತ್ತಿ ನಿಲ್ಲಿಸಿದ ಹೆಣ್ಣುಮಗಳ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಇದೊಂದು ವಿಷಯದಲ್ಲಿ ನಾವು ಅವರಿಂದ ಕಲಿತಿದ್ದರೆ ಚೆನ್ನಾಗಿತ್ತು.

ಇದರ ರಚನೆ ಸರಳ, ಆದರೆ ಬಹಳ ಯೋಚಿಸಿ ಮಾಡಿದ್ದು. ಹಳೆಯ ಬಗೆಯಲ್ಲಿ ಕಣದ ಎರಡೂ ಅಂಚಿಗೆ ಓಕ್ ಕಂಬಗಳ ಎರಡು ಸಾಲು. ಎದುರುಬದುರಿನ ಕಂಬಗಳನ್ನು ಅಡ್ಡ ತೊಲೆ ಬೆಸೆಯುತ್ತದೆ. ಮಾಡಿನ ಭಾರವೆಲ್ಲ ಈ ಎರಡು ಸಾಲಿನ ಮೇಲೆ. ದನಗಳು ನಿಲ್ಲುವ ಪಕ್ಕದ ತಗ್ಗು ಭಾಗದ ಹೊರಗೋಡೆ ಯಾವ ದೊಡ್ಡ ಭಾರವನ್ನೂ ಹೊರುವುದಿಲ್ಲ. ಅದು ಕೊಳೆತು ಬಿದ್ದರೂ ಮನೆ ನಿಂತೇ ಇರುತ್ತದೆ. ಮುಂದೆ ಪೈರು ಹೆಚ್ಚಿದ ಕಾಲಕ್ಕೆ ಹೊರಗೋಡೆಯನ್ನೂ ಕಂಬದ ಎತ್ತರಕ್ಕೆ ಏರಿಸಿ ನಾಲ್ಕು ಸಾಲಿನ ಮನೆ ಕಟ್ಟಿದರು. ಶ್ರೀಮಂತ ಆರ್ಟ್‌ಲ್ಯಾಂಡ್ ಸೀಮೆಯಿಂದ ಕ್ಲೊಪೆನ್‌ಬುರ್ಗ್ ಸಂಗ್ರಹಾಲಯಕ್ಕೆ ತಂದು ನಿಲ್ಲಿಸಿರುವ 1750ರ ವೇಲ್‌ಬುರ್ಗ್ ಮನೆಯನ್ನು ನೋಡಿದರೆ ರೈತನೊಬ್ಬ ಅರಮನೆಯ ಆಸೆಪಟ್ಟಂತೆ ಕಾಣುತ್ತದೆ. ಅಷ್ಟು ಬೆಡಗು ನನಗೆ ಹಿಡಿಸುವುದಿಲ್ಲ. ಮರಳು ನೆಲದ ಬಡ ರೈತನ ಎರಡು ಸಾಲಿನ ಮನೆಯೇ ನನಗೆ ಇಷ್ಟ.

ಬಡಗಿಗಳು ಓಕ್ ಮರವನ್ನು ಒಣಗಿಸದೆ ಹಸಿಯಾಗಿಯೇ ಕೆತ್ತುತ್ತಿದ್ದರು. ಹಸಿಮರ ಉಳಿಗೆ ಬೇಗ ಬಗ್ಗುತ್ತದೆ. ಒಣಗುತ್ತಾ ಬಿಗಿದುಕೊಂಡು ಜೋಡಣೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕಬ್ಬಿಣದ ಮೊಳೆಯ ಬದಲು ಓಕ್ ಗೂಟ. ತೊಲೆಯ ನಾಲಿಗೆಯಲ್ಲಿ ಕೊರೆದ ತೂತನ್ನು ಕಂಬದ ತೂತಿಗಿಂತ ಕೂದಲೆಳೆಯಷ್ಟು ಒಳಕ್ಕೆ ಸರಿಸಿರುತ್ತಾರೆ. ಗೂಟ ಬಡಿದಾಗ ಅದು ಎರಡೂ ಮರಗಳನ್ನು ಒಂದರತ್ತ ಒಂದನ್ನು ಎಳೆದು ಕಚ್ಚಿಸುತ್ತದೆ. ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ, ಪ್ರತಿ ಜೋಡಣೆಗೂ ಉಳಿಯಿಂದ ಗೀಟಿನ ಗುರುತು ಹಾಕಿ, ಬಿಚ್ಚಿ, ಆಮೇಲೆ ಊರವರೆಲ್ಲ ಸೇರಿ ಎತ್ತಿ ನಿಲ್ಲಿಸುತ್ತಿದ್ದರು. ಆ ಗುರುತುಗಳು ಇಂದಿಗೂ ಬೆರಳಿಗೆ ತಾಕುತ್ತವೆ: ಒಂದು ಗೀಟು, ಎರಡು ಗೀಟು, ಐದಕ್ಕೆ ರೋಮನ್ ಅಂಕಿಯ ಓರೆಗೀಟು. ಹಾಗಾಗಿ ಮನೆಯನ್ನು ಬಿಚ್ಚಿ ಬೇರೆಡೆ ನಿಲ್ಲಿಸುವುದು ಇಲ್ಲಿ ವಿಚಿತ್ರವೇನಲ್ಲ. ಹಸಿಮರದಲ್ಲಿ ಕಟ್ಟಿದ್ದರಿಂದ ಇನ್ನೊಂದು ಅನುಕೂಲವೂ ಇದೆ. ಮರದ ಉಂಗುರಗಳನ್ನು ಎಣಿಸಿ ಹೋಲಿಸಿದರೆ ಕಡಿದ ವರ್ಷ ತಿಳಿಯುತ್ತದೆ, ಅದೇ ಹೆಚ್ಚುಕಡಿಮೆ ಕಟ್ಟಿದ ವರ್ಷ. ಉಳಿದಿರುವ ಈ ಬಗೆಯ ಮನೆಗಳಲ್ಲಿ ಅತಿ ಹಳೆಯವು 15ನೇ ಶತಮಾನದ ಕೊನೆಯವು. ಅದಕ್ಕೂ ಹಿಂದೆ ಬಹುಕಾಲ ಕಂಬವನ್ನು ನೆಲದಲ್ಲಿ ಹೂಳುತ್ತಿದ್ದರು, ಅವು ಕೆಲವು ದಶಕಗಳಲ್ಲಿ ಬುಡ ಕೊಳೆತು ಹೋಗುತ್ತಿದ್ದವು. ಕಂಬವನ್ನು ಎತ್ತಿ ಕಲ್ಲಿನ ಮೇಲೆ ಕೂರಿಸಲು ಕಲಿತ ಮೇಲೆಯೇ ಮನೆ ಶತಮಾನಗಳನ್ನು ಕಂಡಿತು.

ಕಲ್ಲಿನ ಪೀಠದ ಮೇಲೆ ಕಂಬ ನಿಲ್ಲಿಸುವ ವಿದ್ಯೆ ನಮ್ಮ ಆಚಾರಿಗಳಿಗೆ ಚೆನ್ನಾಗಿಯೇ ಗೊತ್ತಿತ್ತು. ತೊಟ್ಟಿಯ ಸುತ್ತಲಿನ ಕಂಬಗಳಲ್ಲಿ ಬುಡ ಕೊಳೆತದ್ದನ್ನು ನಾನು ಹೆಚ್ಚು ನೋಡಿಲ್ಲ. ಕೆಳಗೆ ಕಲ್ಲು, ಮೇಲೆ ಹಲಸು, ಅದರ ಮೇಲೆ ಬೋದಿಗೆ, ತೊಲೆ, ಪಕ್ಕಾಸು, ರೀಪು, ಹೆಂಚು. ನೀರಿಗೂ ಗೆದ್ದಲಿಗೂ ಸುಲಭವಾಗಿ ದಾರಿ ಸಿಗದಂತೆ ಯೋಚಿಸಿದ ಕ್ರಮ. ನಮ್ಮ ಮನೆಗಳಿಗೆ ಕೇಡು ಬರುವುದು ಮೇಲಿನಿಂದ. ತೊಟ್ಟಿಯ ನಾಲ್ಕು ಮೂಲೆಗಳಲ್ಲಿ ಎರಡೆರಡು ಮಾಡುಗಳು ಒಳಮುಖವಾಗಿ ಕೂಡುತ್ತವೆ. ಎರಡೂ ಕಡೆಯ ಮಳೆ ನುಗ್ಗಿ ಬರುವುದು ಆ ಮೂಲೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಈ ಹೀಥ್ ಸೀಮೆಯಲ್ಲಿ ಬೀಳುವುದು ಅದರ ಹತ್ತನೆಯ ಒಂದು ಪಾಲು. ಒಂದು ಮಂಗ ಹಾರಿ ಎರಡು ಹೆಂಚು ಸರಿದು, ಆ ವರ್ಷ ಯಾರೂ ಹತ್ತಿ ನೋಡದಿದ್ದರೆ ಸಾಕು, ಮೂಲೆಯ ತೊಲೆ ನೀರು ಕುಡಿಯತೊಡಗುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಕೆಲಸ ನಿಂತ ಮನೆಗೆ ಹತ್ತು ವರ್ಷ ಆಯುಸ್ಸೂ ಕಷ್ಟ. ಅಂಥ ಮಳೆಯ ನಾಡಿನಲ್ಲಿ ಮನೆಯ ನಟ್ಟನಡುವೆ ಆಕಾಶಕ್ಕೆ ಬಾಯಿ ತೆರೆದು, ಬೆಳಕನ್ನೂ ಗಾಳಿಯನ್ನೂ ಒಳಕ್ಕೆ ಕರೆದು, ಬಿದ್ದ ನೀರನ್ನು ಕಲ್ಲಿನ ಕಾಲುವೆಯಲ್ಲಿ ಹೊರಕ್ಕೆ ಸಾಗಿಸಿದವರ ಧೈರ್ಯಕ್ಕೂ ಲೆಕ್ಕಾಚಾರಕ್ಕೂ ಓಕ್ ಮನೆ ಕಟ್ಟಿದವರದು ಸಾಟಿಯಲ್ಲ ಎಂದೇ ನಾನು ಹೇಳುತ್ತೇನೆ. ಇಲ್ಲಿನ ಮನೆ ಚಳಿಗೆ ಹೆದರಿ ದನದ ಮೈಶಾಖವನ್ನೂ ಬಿಡದೆ ಎಲ್ಲವನ್ನೂ ಒಂದೇ ಮಾಡಿನಡಿ ಮುಚ್ಚಿಕೊಂಡಿತು. ನಮ್ಮದು ತೆರೆದುಕೊಂಡಿತು. ಇಂದು ವಾಸಕ್ಕೆ ಹೆಚ್ಚು ಒಗ್ಗುವುದು ನಮ್ಮದೇ. ಹೀಥ್ ಮನೆಯ ಆ ಕಣವನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಇಲ್ಲಿನವರು ಸುರಿಯುವ ಹಣ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನಮ್ಮ ಜಗಲಿಗೆ ಒಂದು ಫ್ಯಾನೂ ಬೇಡ.

ಇನ್ನು ಅಭಿಮಾನದ ಮಾತು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ಸೀಮೆಯ ರೈತರು ಕೂಡ ಹಳೆಯ ಮನೆಗಳನ್ನು ಸಾಲುಸಾಲಾಗಿ ಕೆಡವಿದರು. ಟ್ರ್ಯಾಕ್ಟರ್ ಬಂತು, ಕೊಯ್ಲು ಯಂತ್ರ ಬಂತು, ಕಣಕ್ಕೆ ಕೆಲಸವಿಲ್ಲದಾಯಿತು, ದನಗಳಿಗೆ ಬೇರೆ ಕೊಟ್ಟಿಗೆ ಬೇಕಾಯಿತು. ಕೆಡವದೆ ಉಳಿಸಿಕೊಂಡವರು ಇನ್ನೊಂದು ಬಗೆಯಲ್ಲಿ ಕೆಡಿಸಿದರು: ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು, ಮರಕ್ಕೆ ಗಾಳಿಯಾಡದ ಬಣ್ಣ, ಸಣ್ಣ ಗಾಜಿನ ಚೌಕಗಳ ಕಿಟಕಿ ತೆಗೆದು ಇಡೀ ಗಾಜಿನದು. ಬಿದಿರ ತಡಿಕೆಗೆ ನಾವು ಮಣ್ಣು ಮೆತ್ತುವಂತೆ ಇಲ್ಲಿ ಚೌಕಟ್ಟಿನ ನಡುವೆ ಕೋಲು ಹೆಣೆದು ಹುಲ್ಲು ಕಲಸಿದ ಜೇಡಿಮಣ್ಣು ಮೆತ್ತಿರುತ್ತಾರೆ. ಮಣ್ಣು ತೇವವನ್ನು ಹೀರುತ್ತದೆ, ಬಿಡುತ್ತದೆ. ಪಕ್ಕದ ಮರವೂ ಅದರೊಂದಿಗೆ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಬಿರುಕಿನಿಂದ ಇಳಿದ ನೀರಿಗೆ ಹೊರಬರುವ ದಾರಿಯಿಲ್ಲ. ಹೊರಗಿನಿಂದ ಗೋಡೆ ಅಚ್ಚುಕಟ್ಟು, ಒಳಗೆ ಓಕ್ ಮರ ಪುಡಿಪುಡಿ. ನಮ್ಮ ಊರುಗಳಲ್ಲಿ ಈಗ ನಡೆಯುತ್ತಿರುವುದು ಇದೇ. ಮಣ್ಣಿನ ಗೋಡೆಗೆ ಗಾರೆಯ ಬದಲು ಸಿಮೆಂಟ್ ಬಳಿದು ನಾಲ್ಕು ಮಳೆಗಾಲದೊಳಗೆ ಗಿಲಾವು ಉಬ್ಬಿ ಕಳಚಿದ ಮನೆಗಳನ್ನು ಯಾವ ಹೋಬಳಿಯಲ್ಲಾದರೂ ನೋಡಬಹುದು. ಅವರು ಅರ್ಧ ಶತಮಾನದ ಹಿಂದೆ ಎಡವಿದ ಕಲ್ಲನ್ನೇ ನಾವು ಇಂದು ಎಡವುತ್ತಿದ್ದೇವೆ.

ಇಲ್ಲಿ ಗಾಳಿ ತಿರುಗಿದ್ದು 1970ರ ದಶಕದಲ್ಲಿ. 1973ರಲ್ಲಿ ರೈತಮನೆಗಳ ಆಸಕ್ತರೆಲ್ಲ ಸೇರಿ ಒಂದು ಸಂಘ ಕಟ್ಟಿದರು. ಸಿಮೆಂಟ್ ಕೀಳುವುದು ಹೇಗೆ, ಜೇಡಿಮಣ್ಣು ಹದ ಮಾಡುವುದು ಹೇಗೆ ಎಂದು ಒಬ್ಬರಿಗೊಬ್ಬರು ಹೇಳಿಕೊಡುವ ಆ ಸಂಘ ಇಂದಿಗೂ ಇದೆ. 1975ನ್ನು ಯೂರೋಪಿನ ವಾಸ್ತು ಪರಂಪರೆಯ ವರ್ಷವೆಂದು ಆಚರಿಸಿದರು. 1978ರಲ್ಲಿ ಲೋವರ್ ಸ್ಯಾಕ್ಸನಿ ತನ್ನ ಸ್ಮಾರಕ ರಕ್ಷಣಾ ಕಾನೂನು ಮಾಡಿತು. ರಾಜರ ಕೋಟೆಯಷ್ಟೇ ರೈತನ ಕೊಟ್ಟಿಗೆಗೂ ಅದರಲ್ಲಿ ಜಾಗವಿತ್ತು. ಅಂದರೆ ಕೆಡವಿದ ತಲೆಮಾರು ಮತ್ತು ಉಳಿಸಿದ ತಲೆಮಾರು ತಂದೆ ಮಕ್ಕಳಷ್ಟೇ ಹತ್ತಿರದವರು. ಅವರ ರಕ್ತದಲ್ಲಿ ಏನೋ ಇದೆ, ನಮ್ಮದರಲ್ಲಿ ಇಲ್ಲ ಎನ್ನುವವರು ಈ ಇತಿಹಾಸವನ್ನೊಮ್ಮೆ ನೋಡಬೇಕು.

ಕಾನೂನಿನ ಜೊತೆಗೆ ಹಣದ ಏರ್ಪಾಡೂ ಬಂತು. ಇದನ್ನು ನಮ್ಮವರು ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ಷಿತ ಪಟ್ಟಿಯಲ್ಲಿರುವ ಮನೆಯಲ್ಲಿ ಒಡೆಯನೇ ವಾಸಿಸುತ್ತಿದ್ದರೆ, ದುರಸ್ತಿಗೆ ಮಾಡಿದ ಖರ್ಚಿನಲ್ಲಿ ವರ್ಷಕ್ಕೆ ಶೇ. 9ರಂತೆ 10 ವರ್ಷ ತೆರಿಗೆ ಬೀಳುವ ತನ್ನ ಆದಾಯದಿಂದ ಕಳೆಯಬಹುದು. ಷರತ್ತು ಒಂದೇ, ಕೆಲಸಕ್ಕೆ ಕೈಹಾಕುವ ಮೊದಲು ಸ್ಮಾರಕ ರಕ್ಷಣೆಯ ಕಚೇರಿಯೊಂದಿಗೆ ಏನು ಮಾಡುತ್ತೇನೆ, ಹೇಗೆ ಮಾಡುತ್ತೇನೆ ಎಂದು ಒಪ್ಪಂದಕ್ಕೆ ಬಂದಿರಬೇಕು. ಹಾಗಾಗಿ ಹಳೆಯ ಮನೆ ಇಟ್ಟುಕೊಂಡವನು ಮೂರ್ಖನೆನಿಸುವುದಿಲ್ಲ. ವಿಮೆಯ ಕತೆ ಇನ್ನೂ ಹಳೆಯದು. ಹುಲ್ಲಿನ ಮಾಡು, ನೆಲದ ಮೇಲೆ ಬೆಂಕಿ, ಮೇಲೆ ಒಣಪೈರು ಇರುವ ಮನೆಗೆ ಬೆಂಕಿಯ ಭಯ ಎಷ್ಟಿರಬೇಕು? ಹ್ಯಾಂಬುರ್ಗ್ ನಗರದಲ್ಲಿ 1676ರಲ್ಲೇ ಬೆಂಕಿ ವಿಮೆಯ ನಿಧಿ ಶುರುವಾಯಿತು, ಹ್ಯಾನೋವರ್ ಸೀಮೆಗೆ 1750ರಲ್ಲಿ ಬಂತು. ಸುಟ್ಟುಹೋದ ಮನೆಯ ಜಾಗದಲ್ಲಿ ಮತ್ತೆ ಮನೆ ಎದ್ದಿತು. ಮಲೆನಾಡಿನಲ್ಲಿ ಗಾಳಿಮಳೆಗೆ ಕುಸಿದ ತೊಟ್ಟಿಮನೆಗೆ ಸಿಗುವ ಪರಿಹಾರದಲ್ಲಿ ಮೂಲೆಯ ಒಂದು ತೊಲೆ ಬದಲಾಯಿಸಲೂ ಆಗುವುದಿಲ್ಲ ಎಂಬುದು ಅನುಭವಿಸಿದವರಿಗೆ ಗೊತ್ತು.

ನಮ್ಮ ಹಳ್ಳಿಯಲ್ಲಿ, ಅಂದರೆ ನಾನೀಗಿರುವ ಜರ್ಮನ್ ಹಳ್ಳಿಯಲ್ಲಿ, ನೆರೆಯವರ ಮನೆಯ ಒಂದು ಕಂಬ ದುರಸ್ತಿಯಾದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಬಡಗಿ ಮೊದಲು ಸುತ್ತಿಗೆಯ ಹಿಡಿಯಿಂದ ಕಂಬವನ್ನು ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋದ. ಕೆಳಗೆ ಸದ್ದು ಬೊದ್ದು, ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಗಟ್ಟಿ. ಕೊಳೆತದ್ದು ಎಲ್ಲಿಯವರೆಗೆ ಎಂದು ಸೂಜಿಮೊನೆಯ ಉಳಿ ಚುಚ್ಚಿ ನೋಡಿ ಸೀಮೆಸುಣ್ಣದಿಂದ ಗೆರೆ ಎಳೆದ. ಮೇಲಿನ ತೊಲೆಗೆ ಜ್ಯಾಕ್ ಕೊಟ್ಟು ಭಾರ ಇಳಿಸಿದ. ಗೆರೆಯಿಂದ ಸ್ವಲ್ಪ ಮೇಲೆ ಕಂಬವನ್ನು ಓರೆಯಾಗಿ, ಮೆಟ್ಟಿಲು ಬಿಟ್ಟು ಕೊಯ್ದ. ಅದೇ ಅಳತೆಯ ಹೊಸ ಓಕ್ ತುಂಡನ್ನು ಎದುರುಮೆಟ್ಟಿಲಾಗಿ ಕೆತ್ತಿ, ಒಂದರೊಳಗೊಂದು ಕಚ್ಚಿಸಿ, ಅಡ್ಡಡ್ಡ ಗೂಟ ಬಡಿದ. ಜ್ಯಾಕ್ ಇಳಿಸಿದಾಗ ಮರ ಒಮ್ಮೆ ಕಿರ್ರೆಂದು ಕೂತಿತು, ಅಷ್ಟೇ. ಮೇಲಿನದು ಹೊಗೆ ಹಿಡಿದ ಕಪ್ಪು, ಕೆಳಗಿನದು ಹುಲ್ಲಿನ ಹಳದಿ. ಬಣ್ಣ ಬಳಿದು ಮರೆಮಾಡಲಿಲ್ಲ. ಇಡೀ ಕಂಬ ಬದಲಿಸಬೇಕೆಂದು ಯಾರೂ ಹೇಳಲಿಲ್ಲ, ಮನೆ ಕೆಡವಬೇಕೆಂದಂತೂ ಮೊದಲೇ ಹೇಳಲಿಲ್ಲ. ಹಾಳಾದಷ್ಟನ್ನು ಮಾತ್ರ ಬದಲಿಸುವ ಈ ಲೆಕ್ಕವೇ ಹಳೆಯ ಮನೆಯನ್ನು ಬಡವನ ಕೈಗೂ ಎಟುಕುವಂತೆ ಮಾಡುತ್ತದೆ. ನಮ್ಮಲ್ಲಿ ಇದೇ ಮಾತು ಕೇಳಿದರೆ ಗುತ್ತಿಗೆದಾರರು ಕೂಡಲೇ "ಇದರಲ್ಲಿ ಏನೂ ಉಳಿದಿಲ್ಲ ಸಾರ್, ತೆಗೆದು ಆರ್‌ಸಿಸಿ ಹಾಕಿಬಿಡೋಣ" ಎನ್ನುತ್ತಾರೆ. ತಿಳಿಯದೆ ಹೇಳುವವರೂ ಇದ್ದಾರೆ, ಕಳಚಿದ ಬೀಟೆ ತೇಗದ ಬೆಲೆ ತಿಳಿದೇ ಹೇಳುವವರೂ ಇದ್ದಾರೆ.

ಆ ಬಡಗಿ ಇಲ್ಲಿನ ಹಳೆಯ ಪದ್ಧತಿಯಲ್ಲಿ ಕಲಿತವನು. ಶಿಷ್ಯವೃತ್ತಿ ಮುಗಿಸಿದ ಬಡಗಿ ಬೇಕಿದ್ದರೆ ಮೂರು ವರ್ಷ ಒಂದು ದಿನ ಊರೂರು ಅಲೆದು ಕೆಲಸ ಕಲಿಯುತ್ತಾನೆ. ಆ ಅವಧಿಯಲ್ಲಿ ತನ್ನೂರಿನ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಅಗಲ ಅಂಚಿನ ಕಪ್ಪು ಟೋಪಿ, ಕಪ್ಪು ಕಾರ್ಡುರಾಯ್ ಉಡುಪು, ಕೈಯಲ್ಲೊಂದು ತಿರುಚಿದ ಕೋಲು ಹಿಡಿದು ರಸ್ತೆ ಬದಿಯಲ್ಲಿ ವಾಹನಕ್ಕೆ ಕೈ ತೋರುವ ಇಂಥ ಯುವಕರು, ಈಗ ಯುವತಿಯರೂ, ಇಂದಿಗೂ ಕಾಣಸಿಗುತ್ತಾರೆ. ಸಮಾಜ ಅವರನ್ನು ಗೌರವದಿಂದ ನೋಡುತ್ತದೆ. ನಮ್ಮ ಮಲೆನಾಡಿನ, ಕರಾವಳಿಯ ಆಚಾರಿಗಳ ಕೈಚಳಕ ಇದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯದಲ್ಲ. ಆಯ ಲೆಕ್ಕ ಹಾಕಿ, ಕಂಬದ ಎತ್ತರದಿಂದ ಮಾಡಿನ ಇಳಿಜಾರನ್ನು ಬಾಯಲ್ಲೇ ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮಕ್ಕಳು ಮಾತ್ರ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಪ್ಲೈವುಡ್ ಕಪಾಟು ಜೋಡಿಸುತ್ತಿದ್ದಾರೆ. ತಪ್ಪು ಅವರದಲ್ಲ. ತೊಲೆ ಬೆಸೆಯುವ ವಿದ್ಯೆಗೆ ಪ್ರಮಾಣಪತ್ರವಿಲ್ಲ, ದಿನಗೂಲಿಯಲ್ಲಿ ಹೆಚ್ಚಳವಿಲ್ಲ, ವರ್ಷಪೂರ್ತಿ ಕೆಲಸವೂ ಇಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಪಾಲಿನ ಪ್ರಶ್ನೆ. ಲೋವರ್ ಸ್ಯಾಕ್ಸನಿ ಸೇರಿದಂತೆ ವಾಯವ್ಯ ಜರ್ಮನಿಯಲ್ಲಿ ಹಳೆಯ ಸಂಪ್ರದಾಯದಂತೆ, 1947ರಿಂದ ಲಿಖಿತ ಕಾನೂನಿನಂತೆ, ಜಮೀನೂ ಮನೆಯೂ ಒಡೆಯದೆ ಒಬ್ಬನೇ ವಾರಸುದಾರನಿಗೆ ಹೋಗುತ್ತದೆ. ಒಡಹುಟ್ಟಿದವರಿಗೆ ಸಿಗುವ ಪರಿಹಾರ ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಿಮೆ. ಗಂಡುಮಕ್ಕಳಿಗಿದ್ದ ಆದ್ಯತೆಯನ್ನು 1963ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತೆಗೆದುಹಾಕಿತು, ಒಬ್ಬನೇ ವಾರಸುದಾರ ಎಂಬ ತಿರುಳು ಹಾಗೆಯೇ ಇದೆ. ಹೊಲ ಬಿಟ್ಟುಕೊಡುವ ಹಿರಿಯರಿಗೆ ಯಾವ ಕೋಣೆ, ಎಷ್ಟು ಸೌದೆ, ಎಷ್ಟು ಹಾಲು ಮೊಟ್ಟೆ ಎಂದು ಕರಾರು ಪತ್ರದಲ್ಲಿ ಬರೆಯುವ ಪದ್ಧತಿಯಿತ್ತು. ಎಷ್ಟೋ ಹಳ್ಳಿಗಳಲ್ಲಿ ಅವರಿಗೆಂದೇ ಅಂಗಳದಾಚೆ ಚಿಕ್ಕ ಮನೆಯೊಂದಿರುತ್ತದೆ. ಮಗನ ಮುಖ ನೋಡಿ ಬದುಕಬೇಕಾದ ಕಷ್ಟ ಅವರಿಗೆ ಅಷ್ಟರಮಟ್ಟಿಗೆ ತಪ್ಪಿತು. ಹೀಥ್ ಮನೆಗಳು ಇಡಿಯಾಗಿ ಉಳಿದದ್ದಕ್ಕೆ ಈ ಪದ್ಧತಿ ದೊಡ್ಡ ಕಾರಣ. ಆದರೆ ಅದರ ಬೆಲೆ ತೆತ್ತವರು ಉಳಿದ ಮಕ್ಕಳು. ಅಣ್ಣನ ಮನೆಯಲ್ಲೇ ಆಳಾಗಿ ದುಡಿದವರು, ಗುಡಿಸಲು ಬಾಡಿಗೆಗೆ ಹಿಡಿದು ಕೂಲಿ ಮಾಡಿದವರು, 19ನೇ ಶತಮಾನದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವರು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟು. ಅಂಥ ಕಾನೂನು ನಮಗೆ ಬೇಡವೇ ಬೇಡ.

ನಮ್ಮ ದಾರಿ ಬೇರೆಯಾಗಿತ್ತು. ತುಳುನಾಡಿನ ಗುತ್ತಿನ ಮನೆಗಳನ್ನು, ಅಂದರೆ ಊರಿನ ದೊಡ್ಡ ಮನೆತನದ ಮನೆಗಳನ್ನು, ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನ ಪದ್ಧತಿ ಒಡೆಯದೆ ಉಳಿಸಿತ್ತು. 1949ರ ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಪಾಲಿಗೆ ದಾರಿಯಾಯಿತು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಬಂತು. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಮನೆಗಳಿಗೆ ಹೆಂಚು ಕೈಯಾಡಿಸುವ ಆಳೂ ಇಲ್ಲದಾಯಿತು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಇವೆಲ್ಲ ನ್ಯಾಯವಾದ ಹೆಜ್ಜೆಗಳು. ಒಂದು ಮನೆಯ ಕೆತ್ತನೆ ಉಳಿಯಲೆಂದು ಒಂದು ಹೆಣ್ಣುಮಗಳ ಹಕ್ಕನ್ನಾಗಲಿ, ಒಬ್ಬ ಗೇಣಿದಾರನ ಹೊಲವನ್ನಾಗಲಿ ಹಿಂದಕ್ಕೆ ಕೇಳುವವರ ಜೊತೆ ನಾನಿಲ್ಲ. ನನ್ನ ದೂರು ಇಷ್ಟೇ: ಭೂಮಿಯ ಲೆಕ್ಕ ಸರಿಮಾಡಿದ ನಾವು ಮನೆಯ ಲೆಕ್ಕವನ್ನು ಹಾಗೆಯೇ ಬಿಟ್ಟೆವು. ನಮ್ಮ ಅಜ್ಜನ ಮನೆಯ ಪಾಲಿನ ದಿನ ದೊಡ್ಡಪ್ಪ ಹೇಳಿದ ಮಾತು ನೆನಪಿದೆ. "ತೋಟವನ್ನು ಗುಂಟೆ ಲೆಕ್ಕದಲ್ಲಿ ಹಂಚಬಹುದು ಕಣಪ್ಪ, ತೊಟ್ಟಿಯನ್ನು ಹೇಗೆ ಹಂಚುತ್ತೀರಿ?" ಎಂದಿದ್ದರು. ಹಂಚಿಯೇ ಬಿಟ್ಟರು. ನಡುಮನೆಯ ಮಧ್ಯೆ ಇಟ್ಟಿಗೆಯ ಗೋಡೆ ಎದ್ದಿತು, ಪೂರ್ವದ ಪಾಲಿನವರು ತಮ್ಮ ಮಾಡನ್ನು ಇಳಿಸಿ ತಾರಸಿ ಹಾಕಿದರು, ತಾರಸಿಯ ನೀರು ಪಶ್ಚಿಮದ ಪಾಲಿನ ಒಳಮೂಲೆಗೆ ಬಿತ್ತು.

ಕಳಚಿದ ಕಂಬಗಳು ಎಲ್ಲಿಗೆ ಹೋಗುತ್ತವೆ ಎಂದು ಎಲ್ಲರಿಗೂ ಗೊತ್ತು. ರೆಸಾರ್ಟಿನ ಸ್ವಾಗತ ಕೋಣೆಯಲ್ಲಿ, ಕಾಂಕ್ರೀಟ್ ಚಾವಣಿಯಡಿ, ಏನನ್ನೂ ಹೊರದೆ ನಿಂತ ಹಲಸಿನ ಕಂಬ ಕಂಡಾಗ ನನಗೆ ಸಿಟ್ಟು ಬರುತ್ತದೆ. ಕಂಬ ಇರುವುದು ಹೊರುವುದಕ್ಕೆ. ಇಡಿಯಾಗಿ ಕಾಪಾಡಿದವರು ನಮ್ಮಲ್ಲೂ ಇದ್ದಾರೆ. ಕ್ಲೊಪೆನ್‌ಬುರ್ಗಿನ ಬಯಲು ಸಂಗ್ರಹಾಲಯ 1934ರಲ್ಲಿ ಶುರುವಾದದ್ದು ಹೈನ್‌ರಿಶ್ ಒಟ್ಟೆನ್‌ಯಾನ್ ಎಂಬ ಶಾಲಾ ಶಿಕ್ಷಕರ ಹಟದಿಂದ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂಜೂರು ಚೌಕಿಮನೆ, ಮಿಯಾರು ಮನೆ, ಹರ್ಕೂರು ಒಳಗಿನಮನೆ ಮುಂತಾದವನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಸಾಹಸ ಅದಕ್ಕಿಂತ ಚಿಕ್ಕದಲ್ಲ. ನೋಡದವರು ಹೋಗಿ ನೋಡಬೇಕು. ಆದರೆ ಎಲ್ಲ ಮನೆಗಳೂ ಸಂಗ್ರಹಾಲಯಕ್ಕೆ ಹೋಗಲಾರವು, ಹೋಗಬಾರದು ಕೂಡ. ಒಲೆ ಉರಿಯದ ಮನೆಯ ಮರಕ್ಕೆ ಹುಳು ಬೇಗ ಬೀಳುತ್ತದೆ ಎಂದು ಇಲ್ಲಿನ ಸಂಗ್ರಹಾಲಯದವರೇ ಹೇಳುತ್ತಾರೆ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದು ಕುಟುಂಬದೊಳಗೆ. ಪಾಲು ಮಾಡುವಾಗ ಮನೆಯನ್ನು ಜಮೀನಿನ ಜೊತೆ ಸೇರಿಸದೆ ಪ್ರತ್ಯೇಕವಾಗಿ ಬರೆಯಬೇಕು: ಒಡೆತನ ಎಲ್ಲ ಮಕ್ಕಳದು, ಹೆಣ್ಣುಮಕ್ಕಳೂ ಸೇರಿ, ವಾಸ ಒಬ್ಬರದು, ಮಾಡಿನ ಖರ್ಚಿಗೆ ತೋಟದ ಆದಾಯದ ಇಷ್ಟು ಪಾಲು ಎಂದು ನಮೂದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ನೋಂದಾಯಿತ ಒಪ್ಪಂದ ಸಾಕು. ಪಾಲುದಾರನೊಬ್ಬ ತನ್ನ ಭಾಗವನ್ನು ಹೊರಗಿನವರಿಗೆ ಮಾರಿ, ಕೊಂಡವರು ವಿಭಾಗ ಕೇಳಿ ನ್ಯಾಯಾಲಯಕ್ಕೆ ಬಂದರೆ, ಕುಟುಂಬದವರೇ ಆ ಭಾಗವನ್ನು ಬೆಲೆಕೊಟ್ಟು ಉಳಿಸಿಕೊಳ್ಳುವ ಅವಕಾಶ 1893ರ ವಿಭಜನಾ ಕಾಯ್ದೆಯ 4ನೇ ಕಲಮಿನಲ್ಲಿ ಇದ್ದೇ ಇದೆ. ವಕೀಲರು ಇದನ್ನು ಮೊದಲೇ ತಿಳಿಸಿಕೊಟ್ಟರೆ ಎಷ್ಟೋ ಮನೆಗಳಲ್ಲಿ ನಡುಗೋಡೆ ಏಳುವುದಿಲ್ಲ.

ಎರಡನೆಯದು ಮರ. ಹೀಥ್ ಸೀಮೆಯ ರೈತ ಮನೆಯ ಸುತ್ತ ಓಕ್ ತೋಪು ಬೆಳೆಸುತ್ತಿದ್ದ. ಗಾಳಿಗೆ ತಡೆ, ಹಂದಿಗೆ ಕಾಯಿ, ಮುಂದಿನವರ ಮನೆಗೆ ತೊಲೆ. ನಮ್ಮ ಹಿತ್ತಿಲಲ್ಲಿ ಹಲಸು ಇರುತ್ತಿದ್ದುದೂ ಅದೇ ಲೆಕ್ಕಕ್ಕೆ. ಬೀಟೆ, ತೇಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೆನ್ನುವುದು ಸರಿಯೇ, ಕಾಡು ಉಳಿಯಲೇಬೇಕು. ಆದರೆ ನೂರು ವರ್ಷದ ಮನೆಯ ಒಂದು ತೊಲೆ ಬದಲಿಸಲು ತನ್ನ ಜಮೀನಿನ ಒಂದು ಮರ ಕೇಳುವವನಿಗೂ ಲಾರಿಗಟ್ಟಲೆ ಸಾಗಿಸುವವನಿಗೂ ಒಂದೇ ಕಡತ, ಒಂದೇ ಅಲೆದಾಟ ಇರಬೇಕಿಲ್ಲ. ಅರ್ಜಿಯ ಜೊತೆ ಮನೆಯ ಫೋಟೊ, ತೊಲೆಯ ಅಳತೆ, ಆಚಾರಿಯ ಸಹಿ ಇದ್ದರೆ ಬೇರೆ ಸಾಲಿನಲ್ಲಿ ಬೇಗ ತೀರ್ಮಾನವಾಗಲಿ.

ಮೂರನೆಯದು ಕೆಲಸ ಬಲ್ಲವರು. ಸಾಗರ, ತೀರ್ಥಹಳ್ಳಿ, ಶೃಂಗೇರಿ, ಉಡುಪಿಯ ಕಡೆಯ ಐಟಿಐಗಳಲ್ಲಿ ಮರದ ಮಾಡು ಮತ್ತು ಮಣ್ಣುಗೋಡೆ ದುರಸ್ತಿಯನ್ನು ಒಂದು ವರ್ಷದ ಕೋರ್ಸ್ ಮಾಡಬಹುದು. ಪಾಠ ಹೇಳಲು ಪದವಿ ಇಲ್ಲದ ಹಿರಿಯ ಆಚಾರಿಗಳನ್ನೇ ಗೌರವಧನ ಕೊಟ್ಟು ಕರೆಯಬೇಕು, ಕಲಿಯುವವರ ಪರೀಕ್ಷೆ ಒಂದು ನಿಜವಾದ ಮನೆಯ ಒಂದು ನಿಜವಾದ ಮೂಲೆಯ ದುರಸ್ತಿಯಾಗಬೇಕು. ಪಂಚಾಯಿತಿಗಳು ವಾಸವಿರುವ ಹಳೆಯ ಮರದ ಮನೆಗಳ ಪಟ್ಟಿ ಮಾಡಿ, ದುರಸ್ತಿ ಮಾಡಿಸಿದ ವರ್ಷ ಮನೆ ತೆರಿಗೆಯಲ್ಲಿ ರಿಯಾಯಿತಿ ಕೊಡಲು ರಾಜ್ಯ ಸರ್ಕಾರ ಅವಕಾಶ ಮಾಡಿಕೊಡಬೇಕು. ಕೊಡುವ ಮೊತ್ತ ದೊಡ್ಡದಿರಬೇಕಿಲ್ಲ, ಮಳೆಗಾಲಕ್ಕೆ ಮುಂಚೆ ಇಬ್ಬರು ಆಳುಗಳನ್ನು ಮಾಡಿಗೆ ಹತ್ತಿಸುವಷ್ಟಿದ್ದರೆ ಸಾಕು.